ಗೆರೆ ಎಳೆಯದ ಪುಟ

ಸತ್ತವರ ನೋಟ್‌ಬುಕ್ ಓದಬಾರದಿತ್ತು. ಓದಿಬಿಟ್ಟೆ. ಓದಿ ನಾಲ್ಕು ದಿನವಾಯಿತು, ಇನ್ನೂ ಎದೆ ಹೊಡೆದುಕೊಳ್ಳುವುದು ನಿಂತಿಲ್ಲ. ಆಫೀಸಿನಲ್ಲಿ ಸಾಹೇಬರು ಎರಡು ಸಲ "ತಬಿಯತ್ ಠೀಕ್ ಹೈ?" ಅಂತ ಕೇಳಿದರು. ಏನಂತ ಹೇಳಲಿ ಅವರಿಗೆ? ಹ್ಞೂಂ ಸರ್ ಅಂದೆ.

ದೆಹಲಿಯ ದ್ವಾರಕಾದಲ್ಲಿ, ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ನೆಲಮಹಡಿಯ ಫ್ಲ್ಯಾಟಿನಲ್ಲಿದ್ದ ಮೇಡಂ ಹೋದ ತಿಂಗಳು ತೀರಿಕೊಂಡರು. ಎಪ್ಪತ್ತೆಂಟು ವರ್ಷ, ಮದುವೆಯಾಗಿರಲಿಲ್ಲ. ಮೈಸೂರಿನಿಂದ ಅವರ ತಮ್ಮನ ಮಗ ಬಂದು ಕಾರ್ಯವೆಲ್ಲ ಮುಗಿಸಿದ. ಅವತ್ತು ನನಗೆ ಆಶ್ಚರ್ಯವಾದದ್ದು ನನ್ನ ಮಗಳನ್ನು ನೋಡಿ. ಆರು ವರ್ಷದಿಂದ ಮೇಡಂ ಮನೆಯ ಹೊಸ್ತಿಲು ತುಳಿಯದವಳು, ಹನ್ನೆರಡನೇ ಕ್ಲಾಸಿನ ಹುಡುಗಿ, ಸ್ವಂತ ಅಜ್ಜಿ ಹೋದಂತೆ ಬಿಕ್ಕಿ ಬಿಕ್ಕಿ ಅತ್ತಳು. "ಇಷ್ಟೊಂದು ಯಾಕೆ ಅಳ್ತೀಯೇ?" ಅಂದರೆ "ರೆಹನೇ ದೋ ಮಮ್ಮಾ", ಬಿಟ್ಟುಬಿಡು ಅಂತ ಮುಖ ತಿರುಗಿಸಿದಳು.

ಬುಧವಾರ ರಜೆಯಿತ್ತು. ಮಧ್ಯಾಹ್ನ ಆ ತಮ್ಮನ ಮಗ ನನ್ನನ್ನು ಕರೆದ. ಫ್ಲ್ಯಾಟ್ ಖಾಲಿ ಮಾಡುತ್ತಿದ್ದ.

"ಆಂಟಿ, ಅತ್ತೆಯ ಬೀರುವಿನಲ್ಲಿ ನಾಲ್ಕು ನೋಟ್‌ಬುಕ್ಕಿನ ಒಂದು ಕಟ್ಟು ಸಿಕ್ತು. ಒಳಗೆಲ್ಲ ಏನೇನೋ ಗೀಚಿದ್ದಾರೆ. ಗುಜರಿಯವನಿಗೆ ಹಾಕೋಣ ಅಂದ್ರೆ, ಮಂತ್ರ ಗಿಂತ್ರ ಇದ್ದೀತು ಅಂತ ಭಯ."

ತೆಗೆದು ನೋಡಿದೆ. ಮಂತ್ರವೂ ಅಲ್ಲ, ತಂತ್ರವೂ ಅಲ್ಲ. ಶಾರ್ಟ್‌ಹ್ಯಾಂಡ್. ಇಡೀ ಸೊಸೈಟಿಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ, ಮೇಡಂ ಮತ್ತು ನಾನು. "ನನಗೆ ಕೊಡಪ್ಪಾ" ಅಂದು ಮೇಲೆ ತಂದೆ.

ಮೇಡಂ ಯಾರು ಅಂತ ಮೊದಲು ಹೇಳಬೇಕು. ಇಪ್ಪತ್ತೆರಡು ವರ್ಷದ ಹಿಂದೆ ನಾನು ಹಿರಿಯೂರಿನಿಂದ ಸ್ಟೆನೋ ಪರೀಕ್ಷೆ ಪಾಸಾಗಿ ದೆಹಲಿಗೆ ಬಂದೆ. ಕನ್ನಡ ಮೀಡಿಯಮ್ಮಿನವಳು. ಶಾರ್ಟ್‌ಹ್ಯಾಂಡ್ ಸ್ಪೀಡಿತ್ತು, ಇಂಗ್ಲಿಷ್ ಇರಲಿಲ್ಲ. ನನ್ನನ್ನು ಹಾಕಿದ ಸಚಿವಾಲಯದಲ್ಲಿ ಮೇಡಂ ಎಲ್ಲ ಸ್ಟೆನೋಗಳಿಗೂ ಹಿರಿಯರು. ಗಂಜಿ ಹಾಕಿದ ಕಾಟನ್ ಸೀರೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಕಿವಿಯ ಹಿಂದೆ ಒಂದು ಪೆನ್ಸಿಲ್. ಮೊದಲ ದಿನ ನನ್ನ ಟೈಪಿಂಗ್ ನೋಡಿ "ಊಟ ಆಯ್ತಾ?" ಅಂತ ಕನ್ನಡದಲ್ಲಿ ಕೇಳಿದರು. ಆಯ್ತು ಅಂದೆ. "ಹಾಗಾದರೆ ಅಳೋದಕ್ಕೆ ಶಕ್ತಿ ಇದೆ, ಕೂತ್ಕೋ" ಅಂದರು. ಹಾಳೆ ತುಂಬ ಕೆಂಪು ಗುರುತು.

ನನ್ನ ದೊಡ್ಡ ಕಾಯಿಲೆ ಏನೆಂದರೆ ದೊಡ್ಡ ದೊಡ್ಡ ಪದಗಳನ್ನು ಸರಿಯಾಗಿ ಹಿಡಿಯುತ್ತಿದ್ದೆ, ನಡುವಿನ ಚಿಕ್ಕವು ಬಿಟ್ಟುಹೋಗುತ್ತಿದ್ದವು. ಶಾರ್ಟ್‌ಹ್ಯಾಂಡಿನಲ್ಲಿ ಅವಕ್ಕೆ ಒಂದು ಚುಕ್ಕೆ, ಒಂದು ಗೀಟು, ಅಷ್ಟೆ. ಒಂದು ಸಲ ಸಾಹೇಬರು 'ಅನ್‌ಲೆಸ್' ಅಂದದ್ದನ್ನು ನಾನು 'ಇಫ್' ಅಂತ ಟೈಪ್ ಮಾಡಿದೆ. ಬದಲಿ ಡ್ರೈವರ್ ಬಾರದಿದ್ದರೆ ಈಗಿನವನನ್ನು ಊರಿಗೆ ಕಳಿಸಬಾರದು ಅಂತ ಅವರು ಹೇಳಿದ್ದು. ನಾನು ಬರೆದದ್ದು, ಬದಲಿಯವನು ಬಂದರೆ ಇವನನ್ನು ಕಳಿಸಬಾರದು ಅಂತ. ಸಹಿಯೂ ಆಯಿತು. ಊರಲ್ಲಿ ತಾಯಿಗೆ ಮೈ ಸರಿಯಿಲ್ಲದೆ ಒದ್ದಾಡುತ್ತಿದ್ದ ಮನುಷ್ಯ ಬದಲಿಯವನು ಬಂದ ಮೇಲೂ ಎರಡು ವಾರ ಇಲ್ಲೇ ಕೊಳೆತ. ಮೇಡಂ ಗೊತ್ತಾದ ಕೂಡಲೆ ಫೈಲ್ ತಿದ್ದಿಸಿದರು, ಆಮೇಲೆ ನನ್ನ ಕೈ ಹಿಡಿದು ದರದರ ಕೆಳಗೆ ಕರೆದುಕೊಂಡು ಹೋಗಿ ಅವನ ಮುಂದೆ ನಿಲ್ಲಿಸಿದರು.

"ಹೇಳು. ನಿನ್ನ ಅಜಾಗರೂಕತೆ ಅಂತ ಹೇಳು."

ನಾನು ಹೇಳಿದೆ. ಅವನು ಪಾಪ, "ಕೋಯಿ ಬಾತ್ ನಹೀಂ ಬೇಟಿ", ಪರವಾಗಿಲ್ಲ ಮಗಳೇ ಅಂದ. ನನಗೆ ಆ ದಿನ ಮೇಡಂ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಆಮೇಲೆ ಒಂದು ಚುಕ್ಕೆಯೂ ನನ್ನ ಕೈ ತಪ್ಪಿ ಹೋಗಲಿಲ್ಲ.

ಇನ್ನೊಂದು ಪದ್ಧತಿಯನ್ನೂ ಅವರೇ ಕಲಿಸಿದ್ದು. ಡಿಕ್ಟೇಶನ್ ಬರೆದುಕೊಂಡ ಪುಟ ಟೈಪಾಗಿ ಕೆಲಸ ಮುಗಿದ ಮೇಲೆ ಅದರ ಮೇಲೆ ಓರೆಯಾಗಿ ಒಂದು ಗೆರೆ ಎಳೆಯಬೇಕು. ಎಲ್ಲ ಸ್ಟೆನೋಗಳೂ ಎಳೆಯುತ್ತಾರೆ, ಆದರೆ ಮೇಡಂಗೆ ಅದು ಸಂಧ್ಯಾವಂದನೆ ಇದ್ದ ಹಾಗೆ. ಸಂಜೆ ಬಸ್ಸಿಗೆ ಓಡುವ ಹೊತ್ತಿನಲ್ಲೂ ನೋಟ್‌ಬುಕ್ ತಿರುವಿ, ಗೆರೆ ಇಲ್ಲದ ಪುಟ ಕಂಡರೆ ಪರ್ಸ್ ಕೆಳಗಿಟ್ಟು ಮತ್ತೆ ಕೂರುತ್ತಿದ್ದರು. "ಗೆರೆ ಇಲ್ಲ ಅಂದ್ರೆ ಯಾರೋ ಕಾಯ್ತಾ ಇದ್ದಾರೆ ಅಂತ ಅರ್ಥ" ಅನ್ನುತ್ತಿದ್ದರು.

ನಿವೃತ್ತರಾದ ಮೇಲೆ ದ್ವಾರಕಾಕ್ಕೆ ಬಂದರು. ನಾವೂ ಅದೇ ಸೊಸೈಟಿಯಲ್ಲಿ ಮೂರನೇ ಮಹಡಿಯಲ್ಲಿ ಮನೆ ಹಿಡಿದೆವು. ಶನಿವಾರ ಸಂಜೆ ಅವರ ಹಾಲ್ ತುಂಬ ಮಕ್ಕಳು. ಫೀಸಿಲ್ಲ ಗೀಸಿಲ್ಲ. ಗ್ರಾಮರ್ ಅಂದರೆ ಓಡುವ ದೆಹಲಿಯ ಮಕ್ಕಳು ಅಲ್ಲಿ ಚಪ್ಪಲಿ ಬಿಡಲು ಜಾಗಕ್ಕೆ ಜಗಳವಾಡುತ್ತಿದ್ದವು. ಅರ್ಧ ಕನ್ನಡ, ಅರ್ಧ ಹಿಂದಿ, ಅದರಲ್ಲೇ ಇಂಗ್ಲಿಷ್ ಪಾಠ. ಕಂಜಂಕ್ಷನ್ ಪಾಠವಂತೂ ಮೂರು ತಿಂಗಳು ನಡೆಯುತ್ತಿತ್ತು.

"ಜೋಡಿಸೋ ಪದಗಳು ಮೂರು ಥರ" ಅನ್ನುತ್ತಿದ್ದರು. "ಆಂಡ್, ಬಟ್, ಆರ್ – ಇವು ಒಂದೇ ಫ್ಲೋರಿನ ಎರಡು ಫ್ಲ್ಯಾಟನ್ನು ಜೋಡಿಸ್ತವೆ. ಎರಡಕ್ಕೂ ಅದರದರದೇ ಅಡಿಗೆಮನೆ, ಯಾರೂ ಯಾರ ಹಂಗಿನಲ್ಲೂ ಇಲ್ಲ. ಎರಡನೇದು ಬಿಕಾಸ್, ಇಫ್, ವೆನ್, ಆಲ್ದೋ. ಇವು ಬಾಡಿಗೆಗಿರೋ ಕೋಣೆ ಥರ. 'ಬಿಕಾಸ್ ಇಟ್ ರೇನ್ಡ್' ಅಂತ ಒಂಟಿಯಾಗಿ ಹೇಳಿ ನೋಡು, ಜನ ನಿನ್ನ ಬಾಯಿ ನೋಡ್ತಾ ನಿಲ್ತಾರೆ. ಅದಕ್ಕೆ ದೊಡ್ಡ ಮನೆ ಬೇಕು. ಮೂರನೇದು ಈದರ್-ಆರ್, ನೀದರ್-ನಾರ್. ಇವು ಗಂಡ ಹೆಂಡತಿ. ಒಬ್ಬರೇ ಫಂಕ್ಷನ್ನಿಗೆ ಬಂದ್ರೆ ಇನ್ನೊಬ್ಬರು ಎಲ್ಲಿ ಅಂತ ಎಲ್ಲರೂ ಕೇಳ್ತಾರೆ."

ಪುಸ್ತಕದ ಉದಾಹರಣೆ ಹೇಳಿದರೆ ಕೆಂಡಾಮಂಡಲ. ಯಾವನೋ ಒಬ್ಬ 'ರಾಮ್ ಈಸ್ ಪೂರ್ ಬಟ್ ಆನೆಸ್ಟ್' ಅಂದರೆ "ಯಾರಪ್ಪಾ ಈ ರಾಮ್? ನಿಮ್ಮನೆಯವನಾ? ನಮ್ಮ ಬ್ಲಾಕಿನಲ್ಲಿ ಇಲ್ವಲ್ಲ!" ಅನ್ನುತ್ತಿದ್ದರು. ಪ್ರತಿ ಮಗುವೂ ವಾರಕ್ಕೊಂದು ವಾಕ್ಯವನ್ನು ತನ್ನ ಮನೆಯಿಂದಲೇ ತರಬೇಕು. ಆ ವಾರ ಮನೆಯಲ್ಲಿ ನಿಜವಾಗಿ ನಡೆದದ್ದು, ಅದರಲ್ಲಿ ಒಂದು ಜೋಡಿಸುವ ಪದ. ಮೇಡಂ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಬೇಕು, ಅವರು ಅದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುತ್ತಿದ್ದರು. ಮಕ್ಕಳು ಇಣುಕಿ "ಕೀಡೇ-ಮಕೋಡೇ!" ಅಂತ ನಗುತ್ತಿದ್ದವು. ಹುಳುಹುಪ್ಪಟೆ ಅಂತ. ಯಾರೂ ಓದಲಾರರು ಅನ್ನುವ ಧೈರ್ಯದಲ್ಲಿ ಹೇಳುತ್ತಿದ್ದವು.

ಈಗ ಗೊತ್ತಾಯಿತು ಏನು ಹೇಳುತ್ತಿದ್ದವು ಅಂತ. ಬುಧವಾರ ಮಧ್ಯಾಹ್ನ ಡೈನಿಂಗ್ ಟೇಬಲ್ ಮೇಲೆ ಹರಡಿಕೊಂಡು ಕೂತೆ. ಒಬ್ಬರ ಶಾರ್ಟ್‌ಹ್ಯಾಂಡ್ ಇನ್ನೊಬ್ಬರಿಗೆ ಸುಲಭಕ್ಕೆ ದಕ್ಕುವುದಿಲ್ಲ. ಆದರೆ ನನ್ನ ಕೈ ತಿದ್ದಿದವರೇ ಅವರಲ್ಲವೇ, ಸಲೀಸಾಗಿ ಓದಿಸಿಕೊಂಡು ಹೋಯಿತು. ಹೆಸರಿಲ್ಲ, ಬರೀ ಫ್ಲ್ಯಾಟ್ ನಂಬರು. ಮೊದಲು ನಗು ಬಂತು. 'ಅಜ್ಜಿಗೆ ಕಿವಿ ಕೇಳಿಸಲ್ಲ, ಆದರೆ ಫ್ರಿಜ್ ತೆಗೆದರೆ ಕೇಳಿಸುತ್ತದೆ.' 'ಗೀಸರ್ ಯಾರು ಒಡೆದರು ಅಂತ ಮಮ್ಮಿಗೂ ಗೊತ್ತಿಲ್ಲ ಪಪ್ಪನಿಗೂ ಗೊತ್ತಿಲ್ಲ.' 'ಪಪ್ಪ ಆಮ್ಲೆಟ್ಟನ್ನು ಕಾರಿನಲ್ಲಿ ತಿನ್ನುತ್ತಾರೆ, ಯಾಕಂದ್ರೆ ಮಮ್ಮಿ ಅವರ ಬಾಯಿ ಮೂಸಿ ನೋಡುತ್ತಾರೆ.' ಎಲ್ಲಕ್ಕಿಂತ ಹೆಚ್ಚಾಗಿ 'ವರ್ನಾ'. ಓದು ವರ್ನಾ, ತಿನ್ನು ವರ್ನಾ, ಸುಮ್ಮನಿರು ವರ್ನಾ. ಇಲ್ಲದಿದ್ದರೆ ನೋಡು ಅಂತ. ದೆಹಲಿಯ ತಾಯಂದಿರೆಲ್ಲ ಆ ಒಂದು ಪದದ ಮೇಲೇ ಸಂಸಾರ ನಡೆಸುತ್ತೇವೆ ಅಂತ ಕಾಣುತ್ತದೆ.

ನಾಲ್ಕಾರು ಪುಟ ದಾಟಿದ ಮೇಲೆ ನಗು ನಿಂತಿತು. ಯಾವ ಮನೆಯಲ್ಲಿ ಯಾರು ಕುಡಿಯುತ್ತಾರೆ, ಯಾವ ಮಗು ಯಾವ ಬಾಗಿಲ ಹಿಂದೆ ನಿಂತು ಅಳುತ್ತದೆ, ಎಲ್ಲ ಇತ್ತು. ಬೇರೆಯವರ ಮನೆಯದನ್ನು ನಾನಿಲ್ಲಿ ಬರೆಯುವುದಿಲ್ಲ. ಆದರೆ ಅಂಥ ಒಂದೊಂದು ವಾಕ್ಯದ ಕೆಳಗೂ ಮೇಡಂ ಏನು ಮಾಡಿದರು ಅಂತ ಒಂದು ಸಾಲಿತ್ತು. ಯಾರ ತಾಯಿಯ ಜೊತೆ ಪಾರ್ಕಿನಲ್ಲಿ ಕೂತರು, ಯಾರ ತಂದೆಗೆ ಫೋನ್ ಮಾಡಿದರು. ಅದರ ಮೇಲೆ ಓರೆಯಾಗಿ ಗೆರೆ. ಅಬ್ಬಾ, ನಾವೆಲ್ಲ ಅವರನ್ನು ಹೊತ್ತು ಹೋಗದ ರಿಟೈರ್ಡ್ ಮುದುಕಿ ಅಂದುಕೊಂಡಿದ್ದೆವು! ಲಿಫ್ಟಿನ ಬಳಿ ಸಿಕ್ಕಾಗ "ಆರಾಮಾ?" ಅಂತ ಕೇಳುತ್ತಿದ್ದ ಆ ಹೆಂಗಸಿಗೆ ನಮ್ಮೆಲ್ಲರ ಮನೆಯ ಬಣ್ಣ ಗೊತ್ತಿತ್ತು. ನಮ್ಮ ಫ್ಲ್ಯಾಟ್ ನಂಬರ್ ಹುಡುಕತೊಡಗಿದೆ.

ಇಲ್ಲಿ ನನ್ನ ಬಾಯಿಯ ಬಗ್ಗೆ ಹೇಳಲೇಬೇಕು. ನನ್ನದು ಕೆಟ್ಟ ಬಾಯಿ. ಬರುವಾಗ ಬಂದುಬಿಡುತ್ತದೆ, ಆಮೇಲೆ ನಾನು ಮರೆಯುತ್ತೇನೆ, ಕೇಳಿಸಿಕೊಂಡವರು ಮರೆಯುವುದಿಲ್ಲ. ಮಗಳು ಆರನೇ ಕ್ಲಾಸಿನಲ್ಲಿದ್ದಾಗ, ಪರೀಕ್ಷೆ ಹತ್ತಿರವಿತ್ತು, ಮ್ಯಾಥ್ಸ್ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಎಂಟು ತಂದಿದ್ದಳು. ಆಗಷ್ಟೇ ಮೆಟ್ರೋದಲ್ಲಿ ನಿಂತು ನಿಂತು ಆಫೀಸಿನಿಂದ ಬಂದಿದ್ದೆ. ನನ್ನ ಗಂಡ ಟೂರಿನ ಮೇಲೆ ಗುವಾಹಟಿಯಲ್ಲಿದ್ದರು. ಪೇಪರ್ ಕೈಯಲ್ಲಿ ಹಿಡಿದು ಕೂಗಾಡುತ್ತಿರುವಾಗ ಬಾಗಿಲಲ್ಲಿ ಮೇಡಂ.

"ನೋಡಮ್ಮಾ, ನಿನ್ನ ಮಗಳು ಈ ವಾರ ಒಂದು ವಾಕ್ಯ ಹೇಳಿದ್ದಾಳೆ. ನಿನ್ನ ಹತ್ರ ಸ್ವಲ್ಪ ಮಾತಾಡಬೇಕು."

ಮಗಳು ಒಳಗೆ ಓಡಿಹೋದಳು. ನನಗೆ ತಲೆ ಕೆಟ್ಟುಹೋಯಿತು. "ಮೇಡಂ, ನೀವು ಗ್ರಾಮರ್ ಹೇಳಿಕೊಡಿ ಸಾಕು. ನಮ್ಮ ಮನೆ ಮಾತು ಮಕ್ಕಳ ಬಾಯಿಂದ ಕೇಳೋದು ಯಾವ ಪಾಠ? ಮಕ್ಕಳನ್ನ ಹೆತ್ತಿದ್ರೆ ಗೊತ್ತಾಗ್ತಿತ್ತು ನಿಮಗೆ!"

ಹೌದು, ಹಾಗಂದೆ. ಬರೆಯುವಾಗಲೂ ಕೈ ಹಿಂದೆ ಸರಿಯುತ್ತದೆ. ಅವರು ಕನ್ನಡಕವನ್ನು ಮೇಲೆ ಸರಿಸಿ ನನ್ನನ್ನೊಮ್ಮೆ ನೋಡಿ, "ಸರಿ, ಊಟ ಮಾಡು ಮೊದಲು" ಅಂದು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು. ಆ ಶನಿವಾರದಿಂದ ಮಗಳನ್ನು ಕಳಿಸಲಿಲ್ಲ. ಕ್ಷಮೆ ಕೇಳಬೇಕು ಅಂತ ಎಷ್ಟು ಸಲ ಅಂದುಕೊಂಡೆ. ನಾಳೆ ನಾಳೆ ಅಂತ ಆರು ವರ್ಷ ಹೋಯಿತು. ಈಗ ಯಾರನ್ನು ಕೇಳಲಿ?

ಅದಾದ ಕೆಲವೇ ದಿನಕ್ಕೆ ಮೇಡಂ ಒಂದು ವಿಚಿತ್ರ ಶುರುಮಾಡಿದರು. ಚಳಿಗಾಲದಲ್ಲಿ ನಮ್ಮ ಸೊಸೈಟಿಯ ಹೆಂಗಸರು ಬಿಸಿಲಿಗೆ ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುವುದು ವಾಡಿಕೆ. ಮಾರ್ಚ್ ಬಂತೆಂದರೆ ಎಲ್ಲರ ಕುರ್ಚಿಯೂ ಒಳಗೆ. ಮೇಡಂ ಮಾತ್ರ ಮಾರ್ಚ್ ನಡುವಿನಲ್ಲಿ ಪ್ಲಾಸ್ಟಿಕ್ ಕುರ್ಚಿ ತಂದು ಗೇಟಿನ ಬಳಿ, ಗಾರ್ಡ್ ಪಕ್ಕದಲ್ಲಿ ಹಾಕಿದರು. ಮಧ್ಯಾಹ್ನ ಎರಡಕ್ಕೆ ಕೂತರೆ ಐದರ ತನಕ ಏಳುತ್ತಿರಲಿಲ್ಲ. ತೊಡೆಯ ಮೇಲೆ ಮೊರ, ಅದರಲ್ಲಿ ಬಲಿತು ಗಟ್ಟಿಯಾದ ಬಟಾಣಿ. ಮುಖ ಸುಟ್ಟು ಸಿಪ್ಪೆ ಏಳುತ್ತಿತ್ತು. ಗಾರ್ಡ್ ಭಯ್ಯಾ "ಮಾತಾಜಿ, ಅಂದರ್ ಬೈಠಿಯೇ", ಒಳಗೆ ಕೂತುಕೊಳ್ಳಿ ಅಂತ ಹೇಳಿ ಹೇಳಿ ಸೋತ. ಇಡೀ ಬ್ಲಾಕ್ ನಕ್ಕಿತು. ನಾನಂತೂ ಪಕ್ಕದ ಮನೆಯವಳ ಹತ್ತಿರ "ಅರಳುಮರುಳು ಶುರುವಾಯ್ತು, ಪಾಪ" ಅಂದೆ. ಆ 'ಪಾಪ' ಅನ್ನುವುದರಲ್ಲಿ ಎಷ್ಟು ಖುಷಿಯಿತ್ತು ಅಂತ ನನಗೇ ಗೊತ್ತು. ಮಾರ್ಚ್ ಮುಗಿಯುತ್ತಲೇ ಕುರ್ಚಿ ಒಳಗೆ ಹೋಯಿತು. ಅದೂ ಮರೆತುಹೋಯಿತು.

ನಮ್ಮ ನಂಬರ್ ಮೂರನೇ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲೇ ಹೇಳುತ್ತೇನೆ.

'ರಿಸಲ್ಟ್ ಬಂದಾಗ ನಾನು ಹಿರಿಯೂರಿನ ಅಜ್ಜಿಯ ಮನೆಗೆ ಹೋಗುತ್ತೇನೆ, ಯಾಕಂದ್ರೆ ಅಜ್ಜಿ ಮಾರ್ಕ್ಸ್ ಕೇಳುವುದಿಲ್ಲ. ಬ್ಲೂ ಲೈನಿನಲ್ಲಿ ರಾಜೀವ್ ಚೌಕ್, ಅಲ್ಲಿಂದ ಯೆಲ್ಲೋ ಲೈನಿನಲ್ಲಿ ಸ್ಟೇಷನ್, ಆಮೇಲೆ ಬೆಂಗಳೂರು ರೈಲು. ನನಗೆ ದಾರಿ ಗೊತ್ತು.'

ಹನ್ನೊಂದು ವರ್ಷದ ಹುಡುಗಿ! ಒಬ್ಬಳೇ! ಈ ದೆಹಲಿಯಲ್ಲಿ! ಕೆಳಗೆ ಮೇಡಂ ಬರೆದದ್ದು:

'ತಾಯಿಗೆ ಹೇಳಲು ಹೋದೆ. ದಣಿದು ಬಂದಿದ್ದಳು. ಹೊತ್ತು ನೋಡದೆ ಹೋದದ್ದು ನನ್ನ ತಪ್ಪು.'

ನನ್ನ ತಪ್ಪು ಅಂತ ಬರೆದಿದ್ದರು. ನಾನು ಅಷ್ಟು ಅಂದ ಮೇಲೂ! ಅದರ ಕೆಳಗೆ ಸಾಲಾಗಿ ತಾರೀಖುಗಳು, ಪ್ರತಿಯೊಂದರ ಮುಂದೆ ಒಂದೇ ಪದ: ಗೇಟ್. ಗೇಟ್. ಗೇಟ್. ಎಣಿಸಿದೆ, ಹದಿನೇಳು ದಿನ. ಕೊನೆಯ ತಾರೀಖು ಆರನೇ ಕ್ಲಾಸಿನ ರಿಸಲ್ಟ್ ದಿನದ್ದು.

'ಮೂರು ಹತ್ತಕ್ಕೆ ಬಂದಳು. ಬ್ಯಾಗಿನಲ್ಲಿ ಸ್ವೆಟರ್, ನೀರಿನ ಬಾಟ್ಲಿ, ಎರಡು ಪರಾಠಾ. ನನ್ನ ಜೊತೆ ಕೂತು ಬಟಾಣಿ ಬಿಡಿಸಿದಳು. ನಾಲ್ಕೂವರೆಗೆ ತಾನಾಗಿ ಮೇಲೆ ಹೋದಳು. ಅಮ್ಮನಿಗೆ ಹೇಳಬೇಡಿ ಅಂತ ಕೈಮುಗಿದಳು. ಒಂದು ದಿನ ತಾನೇ ಹೇಳುತ್ತಾಳಂತೆ. ಅಲ್ಲಿಯವರೆಗೆ ಈ ಪುಟ ಹೀಗೇ ಇರಲಿ.'

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಮ್ಯಾಥ್ಸಿನಲ್ಲಿ ಅರವತ್ತೊಂದು. ಆಫೀಸಿನಿಂದ ಬಂದವಳೇ ಬೈದೆ. ಅವಳ ಉಗುರೆಲ್ಲ ಹಸಿರಾಗಿತ್ತು, "ಮಣ್ಣಾಡ್ತಾ ಕೂತಿದ್ಯಾ?" ಅಂತ ಅದಕ್ಕೂ ಬೈದೆ. ಅಯ್ಯೋ ದೇವರೇ, ಆ ಹಸಿರು ಉಗುರನ್ನು ಹಿಡಿದು ಮುತ್ತಿಡಬೇಕಾಗಿತ್ತು, ನಾನು ಅದರ ಮೇಲೆ ಸ್ಕೇಲಿನಿಂದ ಹೊಡೆದೆ.

ನಾಲ್ಕೂ ನೋಟ್‌ಬುಕ್ ತಿರುವಿದೆ. ಎಲ್ಲ ಮಕ್ಕಳ ವಾಕ್ಯದ ಮೇಲೂ ಗೆರೆಯಿತ್ತು. ಇದೊಂದರ ಮೇಲೆ ಇಲ್ಲ.

ಮಗಳು ಕೋಚಿಂಗಿನಿಂದ ಬಂದಾಗ ನಾನು ಇನ್ನೂ ಅಲ್ಲೇ ಕೂತಿದ್ದೆ. ನೋಟ್‌ಬುಕ್ ಕಂಡು ಅವಳ ಮುಖದ ಬಣ್ಣ ಹೋಯಿತು.

"ಮಮ್ಮಾ, ಇದು ಮೇಡಂ ಅಜ್ಜಿದು."

"ಹೌದು."

"ನೀನು... ನಿನಗೆ ಇದು ಓದೋಕೆ ಆತಾ ಹೈ."

"ಆರು ವರ್ಷದ ಹಿಂದೆ ಗೇಟಿನ ತನಕ ಹೋಗಿದ್ದೆಯಾ?"

ಬ್ಯಾಗ್ ಇಳಿಸದೆ ಕುರ್ಚಿಯ ತುದಿಯಲ್ಲಿ ಕೂತಳು. ಆಮೇಲೆ ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು. "ಹೋಗಿದ್ದೆ. ಅಜ್ಜಿ ತಡೀಲಿಲ್ಲ. ಎಲ್ಲಿಗೆ ಅಂತಾನೂ ಕೇಳ್ಲಿಲ್ಲ. 'ಇಷ್ಟು ಬಟಾಣಿ ಮುಗಿಸಿಕೊಟ್ಟು ಹೋಗು, ನನ್ನ ಕೈ ನೋಯ್ತಾ ಇದೆ' ಅಂದ್ರು. ಸಚ್ಚಿ, ಅವರ ಬೆರಳು ಊದಿಕೊಂಡಿತ್ತು ಮಮ್ಮಾ. ಬಿಡಿಸಿದೆ. ಮುಗೀಲೇ ಇಲ್ಲ ಅದು, ಚೀಲದಿಂದ ಮತ್ತೆ ಮತ್ತೆ ಹಾಕ್ತಾ ಇದ್ರು. ಆಮೇಲೆ ಹಸಿವಾಯ್ತು. ಇಬ್ಬರೂ ಒಂದೊಂದು ಪರಾಠಾ ತಿಂದ್ವಿ. ಆಮೇಲೆ ಟ್ರೇನ್ ಟೈಮ್ ಹೋಗಿಬಿಟ್ಟಿತ್ತು."

ನಾನು ಅತ್ತೆ. ಮಗಳ ಮುಂದೆ ಅಷ್ಟು ಜೋರಾಗಿ ಎಂದೂ ಅತ್ತಿರಲಿಲ್ಲ. ಅವಳು ನನ್ನ ಬೆನ್ನು ಸವರಿದಳು, ಗುರುತಿಲ್ಲದವರಿಗೆ ಸಮಾಧಾನ ಮಾಡುವ ಹಾಗೆ, ಮೆಲ್ಲಗೆ, ದೂರದಿಂದ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಕಣ್ಣೊರೆಸಿಕೊಂಡು ಪೆನ್ಸಿಲ್ ತಂದು ಆ ಪುಟ ಬಿಚ್ಚಿ ಅವಳ ಮುಂದಿಟ್ಟೆ. "ನೀನು ಹೇಳೋ ತನಕ ಅಂತ ಮೇಡಂ ಇದನ್ನ ಹೀಗೇ ಬಿಟ್ಟಿದ್ದಾರೆ. ಈಗ ಹೇಳಿದ್ಯಲ್ಲ. ಗೆರೆ ಎಳೆದುಬಿಡು ಪುಟ್ಟಾ."

ಪೆನ್ಸಿಲ್ ತೆಗೆದುಕೊಂಡಳು. ಪುಟವನ್ನೇ ನೋಡುತ್ತಾ ಕೂತಳು. ಆಮೇಲೆ ಪೆನ್ಸಿಲನ್ನು ಪುಟದ ನಡುವೆ ಇಟ್ಟು ನೋಟ್‌ಬುಕ್ ಮುಚ್ಚಿದಳು.

"ನಾನು ಹೇಳ್ಲಿಲ್ಲ ಮಮ್ಮಾ. ನೀನು ಓದಿದೆ."

"ಹಾಗಂದ್ರೆ?"

"ಮಂಗಳವಾರ ಬೋರ್ಡ್ ರಿಸಲ್ಟ್ ಅಂತೆ. ಅವತ್ತು ನೋಡೋಣ."

ಎದ್ದು ತನ್ನ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು, ಚಿಲಕ ಹಾಕಲಿಲ್ಲ. ನಾನು ಕಿವಿಗೊಟ್ಟು ಕೇಳಿದೆ.

ಇವತ್ತು ಭಾನುವಾರ. ನೋಟ್‌ಬುಕ್ ಡೈನಿಂಗ್ ಟೇಬಲ್ ಮೇಲೇ ಇದೆ, ಯಾರೂ ಮುಟ್ಟಿಲ್ಲ. ಮಂಗಳವಾರಕ್ಕೆ ರಜೆ ಬರೆದುಕೊಟ್ಟಿದ್ದೇನೆ. ಬೆಳಿಗ್ಗೆ ಮಂಡಿಗೆ ಹೋಗಿ ಬಟಾಣಿ ಕೇಳಿದೆ. "ಮೇ ಮೇಂ ಮಟರ್ ಕಹಾಂ ಮಿಲೇಗಾ, ದೀದಿ?", ಮೇ ತಿಂಗಳಲ್ಲಿ ಬಟಾಣಿ ಎಲ್ಲಿಂದ ಬರಬೇಕು ಅಂತ ತರಕಾರಿ ಭಯ್ಯಾ ನಕ್ಕ. ಎರಡು ಕಿಲೋ ಚವಳೀಕಾಯಿ ತಂದಿದ್ದೇನೆ. ಅದನ್ನು ಸೋಸುವುದಕ್ಕೂ ಇಬ್ಬರು ಬೇಕಾಗುತ್ತದೆ.